ಇಬ್ಬರು ಮಕ್ಕಳ ಹೆಸರಿನ ಸಂಗೀತ

ಇಟಲಿಯ ಟುರಿನ್ ನಗರದ ರಾಷ್ಟ್ರೀಯ ಗ್ರಂಥಾಲಯದಲ್ಲಿ ಮಾವ್ರೊ ಫೋವಾ, ರೆಂಜೊ ಜೋರ್ದಾನೊ ಎಂಬ ಹೆಸರಿನ ಎರಡು ಸಂಗ್ರಹಗಳಿವೆ. ಹೆಸರು ನೋಡಿ ಯಾರೋ ಹಳೆಯ ವಿದ್ವಾಂಸರಿರಬೇಕು ಅಂದುಕೊಂಡಿದ್ದೆ. ಅಲ್ಲ, ಇಬ್ಬರೂ ತೀರ ಎಳವೆಯಲ್ಲೇ ಹೋಗಿಬಿಟ್ಟ ಮಕ್ಕಳು. ಅಂತೋನಿಯೊ ವಿವಾಲ್ದಿಯ ಹಸ್ತಪ್ರತಿಗಳ ದೊಡ್ಡ ಪಾಲು, 27 ಸಂಪುಟ, ಈ ಮಕ್ಕಳ ಹೆಸರಿನಲ್ಲಿದೆ.

ವಿವಾಲ್ದಿ ಅಂದರೆ ನಮ್ಮಲ್ಲಿ ‘ಫೋರ್ ಸೀಸನ್ಸ್’. ಫೋನಿನಲ್ಲಿ ಕಾಯಿಸುವವರು ಅದನ್ನು ಹಾಕಿ ಹಾಕಿ ಸವೆಸಿಬಿಟ್ಟಿದ್ದಾರೆ. ಆ ನಾಲ್ಕು ಕಾನ್ಸರ್ಟೊಗಳು 1725ರಲ್ಲೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾಗಿದ್ದವು, ಉಳಿದವು. ಅಚ್ಚಾಗದೆ ಉಳಿದದ್ದರ ಕತೆಯೇ ಬೇರೆ.

1678ರಲ್ಲಿ ವೆನಿಸ್‌ನಲ್ಲಿ ಹುಟ್ಟಿದ ವಿವಾಲ್ದಿ 1703ರಲ್ಲಿ ಪಾದ್ರಿಯಾದ. ಕೆಂಪು ಕೂದಲಿನಿಂದಾಗಿ ‘ಕೆಂಪು ಪಾದ್ರಿ’ ಎಂದೇ ಹೆಸರು. ಉಬ್ಬಸವೆಂದು ಹೇಳಿ ಪೂಜೆ ಮಾಡಿಸುವುದನ್ನು ಬೇಗನೆ ಬಿಟ್ಟ; ಪಿಯೆತಾ ಎಂಬ ಅನಾಥಾಲಯದ ಹುಡುಗಿಯರಿಗೆ ಪಿಟೀಲು ಕಲಿಸಿದ, ಅವರಿಗಾಗಿ ಬರೆದ. 1741ರಲ್ಲಿ ವಿಯೆನ್ನಾದಲ್ಲಿ ಬಡವನಾಗಿ ತೀರಿಕೊಂಡ. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಅವನು ಬಾಖ್‌ನ ಬಾಲಂಗೋಚಿ. ಬಾಖ್ ಇವನ ಕೆಲವು ಕಾನ್ಸರ್ಟೊಗಳನ್ನು ಎತ್ತಿಕೊಂಡು ಕೀಲಿಮಣೆ ವಾದ್ಯಗಳಿಗೆ ಹೊಂದಿಸಿದ್ದನಲ್ಲ, ಅದರ ನೆಪದಲ್ಲಷ್ಟೇ ಇವನ ಹೆಸರು ಬರುತ್ತಿತ್ತು.

1926ರಲ್ಲಿ ಪೀಡ್‌ಮಾಂಟ್ ಸೀಮೆಯ ಬೋರ್ಗೊ ಸಾನ್ ಮಾರ್ತಿನೊ ಊರಿನ ಸಲೇಸಿಯನ್ ಪಾದ್ರಿಗಳ ಶಾಲೆಗೆ ದುಡ್ಡಿನ ಅಡಚಣೆ ಬಂತು. ಕಟ್ಟಡ ರಿಪೇರಿಯಾಗಬೇಕಿತ್ತು. ಯಾರೋ ಶ್ರೀಮಂತರು ಉಯಿಲು ಬರೆದು ಬಿಟ್ಟುಹೋದ ಹಳೆಯ ಸಂಗೀತದ ಪುಸ್ತಕಗಳು ಮೂಲೆಯಲ್ಲಿದ್ದವು. ಮಾರಿದರೆ ಎಷ್ಟು ಬರುತ್ತದೆ ಎಂದು ಟುರಿನ್ ಗ್ರಂಥಾಲಯದ ಮುಖ್ಯಸ್ಥ ಲುಯಿಜಿ ತೋರಿಯನ್ನು ಕೇಳಿದರು. ತೋರಿ ಅವನ್ನು ವಿಶ್ವವಿದ್ಯಾಲಯದ ಸಂಗೀತ ಚರಿತ್ರೆಯ ಮೇಷ್ಟ್ರು ಅಲ್ಬೆರ್ತೊ ಜೆಂತಿಲಿಯ ಮುಂದಿಟ್ಟ. ಸುಮಾರು ನೂರು ಸಂಪುಟಗಳಲ್ಲಿ ಹದಿನಾಲ್ಕು ವಿವಾಲ್ದಿಯವು!

ಸುದ್ದಿ ಹಬ್ಬಿದರೆ ವ್ಯಾಪಾರಿಗಳು ಬಿಡಿಬಿಡಿಯಾಗಿ ಕೊಂಡೊಯ್ಯುತ್ತಾರೆ. ಗ್ರಂಥಾಲಯದ ಹತ್ತಿರ ಕಾಸಿಲ್ಲ. ಜೆಂತಿಲಿ ಗುಟ್ಟಾಗಿ ಟುರಿನ್‌ನ ಷೇರು ದಲ್ಲಾಳಿ ರೊಬೆರ್ತೊ ಫೋವಾನನ್ನು ಹಿಡಿದ. ಮಗುವನ್ನು ಕಳೆದುಕೊಂಡಿದ್ದ ಆ ತಂದೆ, ಮಗನ ಹೆಸರಿಡುವುದಾದರೆ ಕೊಂಡು ಕೊಡುತ್ತೇನೆ ಎಂದ.

ಜೆಂತಿಲಿಯನ್ನು ನಾನು ಮೆಚ್ಚುವುದು ಇಲ್ಲಿಂದ ಮುಂದಕ್ಕೆ. ಸಿಕ್ಕಿತಲ್ಲ ಎಂದು ಸುಮ್ಮನಾಗಲಿಲ್ಲ, ಸಂಪುಟಗಳ ಅನುಕ್ರಮಸಂಖ್ಯೆ ನೋಡಿದ. ನಡುನಡುವೆ ಅಂಕಿಗಳು ಹಾರಿದ್ದವು. ಅಂದರೆ ಉಯಿಲು ಬರೆದವರ ಮನೆತನದಲ್ಲಿ ಅಣ್ಣತಮ್ಮಂದಿರ ಪಾಲುಪಟ್ಟಿಯಾದಾಗ ಪುಸ್ತಕಗಳೂ ಹೋಳಾಗಿವೆ, ಇನ್ನರ್ಧ ಎಲ್ಲೋ ಇದೆ. ಈ ಸಂಗ್ರಹವನ್ನು ಕೂಡಿಟ್ಟವನು ಹದಿನೆಂಟನೆಯ ಶತಮಾನದಲ್ಲಿ ವೆನಿಸ್‌ನಲ್ಲಿ ರಾಯಭಾರಿಯಾಗಿದ್ದ ಜಿನೋವಾದ ಕೌಂಟ್ ಜಾಕೊಮೊ ದುರಾತ್ಸೊ. ಅವನ ವಂಶಾವಳಿಯ ಜಾಡು ಹಿಡಿದು ಹೋದರೆ ಜಿನೋವಾದಲ್ಲಿ ಜುಸೆಪ್ಪೆ ಮಾರಿಯಾ ದುರಾತ್ಸೊ ಎಂಬ ಮುದುಕ ಸಿಕ್ಕ. ಉಳಿದರ್ಧದ ಯಜಮಾನ. ಪಾದ್ರಿಗಳು ಮನೆತನದ ಸ್ವತ್ತನ್ನು ಮಾರಿದರೆಂದು ಕಿಡಿಕಿಡಿಯಾಗಿದ್ದವನು. ವರ್ಷಗಟ್ಟಲೆ ಓಲೈಸಿದ ಮೇಲೆ ಒಪ್ಪಿದ, ಅದೂ ಎಂಥ ಕರಾರು: ಈ ಸಂಗೀತವನ್ನು ಅಚ್ಚು ಹಾಕಕೂಡದು, ನುಡಿಸಕೂಡದು! ಮತ್ತೆ ದುಡ್ಡಿನ ಪ್ರಶ್ನೆ. ಈ ಸಲ ಬಂದವನು ಬಟ್ಟೆ ಉದ್ಯಮಿ ಫಿಲಿಪ್ಪೊ ಜೋರ್ದಾನೊ. ಅವನಿಗೂ ಪುತ್ರಶೋಕ. 1930ರಲ್ಲಿ ಎರಡು ಹೋಳೂ ಒಂದಾದವು. ಕರಾರು ಆಮೇಲೆ ಬಿದ್ದುಹೋಯಿತು.

ಫಲ ಉಂಡವರು ಬೇರೆ. 1938ರಲ್ಲಿ ಮುಸ್ಸೊಲಿನಿ ಸರ್ಕಾರದ ಜನಾಂಗ ಕಾನೂನು ಬಂತು. ಜೆಂತಿಲಿ ಯಹೂದಿ, ಪಾಠ ಹೇಳುವ ಹಕ್ಕೂ ಹೋಯಿತು. ಮರುವರ್ಷ ಸಿಯೆನಾದಲ್ಲಿ ‘ವಿವಾಲ್ದಿ ಸಪ್ತಾಹ’ ನಡೆದಾಗ ಮುಂದಾಳು ಸಂಗೀತಕಾರ ಅಲ್ಫ್ರೆದೊ ಕಾಸೆಲ್ಲಾ. ಕವಿ ಎಜ್ರಾ ಪೌಂಡ್, ಪಿಟೀಲುಗಾರ್ತಿ ಓಲ್ಗಾ ರಜ್ ಇವರ ಹೆಸರುಗಳನ್ನು ಎಲ್ಲರೂ ನೆನೆಯುತ್ತಾರೆ. ಅಂಕಿ ಎಣಿಸಿ ಅರ್ಧ ಕಳೆದಿದೆ ಎಂದು ಕಂಡುಹಿಡಿದವನಿಗೆ ಅಲ್ಲಿ ಜಾಗವಿರಲಿಲ್ಲ. ಇದನ್ನು ಓದಿದಾಗಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಆ ಸಪ್ತಾಹದಲ್ಲೇ ವಿವಾಲ್ದಿಯ ಸಮೂಹಗಾನ ‘ಗ್ಲೋರಿಯಾ’ ಮತ್ತೆ ಕೇಳಿಸಿದ್ದು. ಕೇಳಲು ಕೂರುವವರು ಅಲ್ಲಿಂದಲೇ ಶುರುಮಾಡಬಹುದು. ಮೊದಲ ಭಾಗದ ಕುಣಿತಕ್ಕೆ ಮರುಳಾಗಿ ನಿಲ್ಲಿಸಬೇಡಿ. ಎರಡನೆಯದರಲ್ಲಿ, ಭೂಮಿಗೆ ಶಾಂತಿ ಕೋರುವಲ್ಲಿ, ಸಂಗೀತ ಇದ್ದಕ್ಕಿದ್ದಂತೆ ಮಬ್ಬಾಗಿ, ದನಿಗಳು ಒಂದರ ಮೇಲೊಂದು ನಿಧಾನವಾಗಿ ಏರುತ್ತವೆ. ಈಗ ಇದನ್ನು ಗಂಡಸರೂ ಸೇರಿ ಹಾಡುತ್ತಾರೆ. ಪಿಯೆತಾದ ಮೇಳ ಹೆಣ್ಣುಮಕ್ಕಳದು, ಜಾಲಂಧ್ರದ ಹಿಂದೆ ನಿಂತು ಹಾಡುತ್ತಿದ್ದವರು. ಕೆಳದನಿಯೂ ಅವರದೇ; ಅಲ್ಲಿ ಒಬ್ಬಳ ಅಡ್ಡಹೆಸರೇ ‘ಮಂದ್ರದ ಅನ್ನಾ’.

‘ನಿಸಿ ದೊಮಿನುಸ್’ ಎಂಬ ಕೀರ್ತನೆಯಲ್ಲಿ ದೇವರು ತನ್ನ ಪ್ರಿಯರಿಗೆ ನಿದ್ದೆ ಕೊಡುತ್ತಾನೆ ಎಂಬ ಸಾಲಿಗೆ ವಿವಾಲ್ದಿ ಜೋಗುಳದ ಲಯ ಹಾಕಿದ್ದಾನೆ. ಒಂದೇ ದನಿ, ಅದುಮಿದ ತಂತಿಗಳು, ಅರ್ಧರ್ಧ ಸ್ವರ ಮೇಲೇರುವ ನಡೆ. ರಾತ್ರಿ ಕೇಳುವಂಥದ್ದು. 1716ರಲ್ಲಿ ತುರ್ಕರ ವಿರುದ್ಧದ ಗೆಲುವಿಗೆಂದು ಬರೆದ ‘ಜುದಿತಾ ತ್ರಿಯುಂಫನ್ಸ್’ ಎಂಬ ಗೀತಕಥನ ಉದ್ದ. ಪೂರ್ತಿ ಕೇಳುವ ವ್ಯವಧಾನ ಇಲ್ಲದಿದ್ದರೆ ಕಾಡುಪಾರಿವಾಳದಂತೆ ಗುಟುರುವ ಹಳೆಯ ಕಾಲದ ಊದುವಾದ್ಯವಿರುವ ಹಾಡೊಂದನ್ನಾದರೂ ಕೇಳಿ. ಕಾನ್ಸರ್ಟೊಗಳಲ್ಲಿ ನನಗೆ ಪಿಟೀಲಿನವಕ್ಕಿಂತ ಬಸೂನಿನವು ಇಷ್ಟ. ಗೊಗ್ಗರು ದನಿಯ ಈ ವಾದ್ಯಕ್ಕೆ ಮೂವತ್ತಕ್ಕೂ ಹೆಚ್ಚು ಬರೆದ ಪುಣ್ಯಾತ್ಮ. ಇ ಮೈನರ್‌ನದ್ದನ್ನು ಬಿಡಬೇಡಿ. ಎರಡು ಚೆಲ್ಲೊಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಜಿ ಮೈನರ್‌ನದ್ದನ್ನೂ.

ಎಲ್ಲವೂ ಟುರಿನ್‌ನಲ್ಲಿ ಸಿಕ್ಕಿತು ಅಂದುಕೊಳ್ಳುವಂತಿಲ್ಲ. ವಿವಾಲ್ದಿ ಸತ್ತ ಮೇಲೆ ವೆನಿಸ್‌ನ ನಕಲುಗಾರ ಬಾಲ್ದಾನ್, ಡ್ರೆಸ್‌ಡನ್ ಅರಮನೆಯವರು ಆಗಿನ ಜನಪ್ರಿಯ ಸಂಗೀತಕಾರ ಗಾಲುಪ್ಪಿಯ ಕೃತಿಗಳನ್ನು ಕೇಳಿದರೆ, ವಿವಾಲ್ದಿಯದಕ್ಕೆ ಗಾಲುಪ್ಪಿಯ ಹೆಸರು ಅಂಟಿಸಿ ಸಾಗಹಾಕಿದ್ದ. ಹಾಗೆ ಹೋದ ‘ದಿಕ್ಸಿತ್ ದೊಮಿನುಸ್’ ಎಂಬ ಕೀರ್ತನೆಯೊಂದನ್ನು 2005ರಲ್ಲಿ ಆಸ್ಟ್ರೇಲಿಯಾದ ವಿದುಷಿ ಜಾನಿಸ್ ಸ್ಟಾಕಿಗ್ಟ್ ಗುರುತಿಸಿದರು. ಇನ್ನೂರೈವತ್ತು ವರ್ಷ ಅದು ಕಪಾಟಿನಲ್ಲೇ ಇತ್ತು, ಬೇರೆಯವನ ಹೆಸರು ಹೊತ್ತು.