ಹೋಲಿಕೆಯೂ ವಿದ್ಯಾರ್ಥಿಯ ಮನಸ್ಸೂ

ನಮ್ಮ ಹಿರಿಯರು ಅರಿಷಡ್ವರ್ಗಗಳಲ್ಲಿ ಮತ್ಸರವನ್ನೂ ಎಣಿಸಿದರು. ರಾಜಸೂಯದಲ್ಲಿ ಪಾಂಡವರ ಸಿರಿಯನ್ನು ಕಂಡ ದುರ್ಯೋಧನನು ಕುದಿಯುತ್ತಲೇ ಹಸ್ತಿನಾವತಿಗೆ ಮರಳಿದನು. ಅವನಿಗೆ ಸಿರಿಯ ಕೊರತೆಯಿರಲಿಲ್ಲ. ದಾಯಾದಿಗಳದರ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ತನ್ನದು ಕಿರಿದಾಗಿ ತೋರಿತು. ಆದರೆ ಹೋಲಿಕೆಯೆಲ್ಲವೂ ಮತ್ಸರವೆನ್ನಲಾಗದು.

ಈ ಪ್ರವೃತ್ತಿಯನ್ನು ಶಾಸ್ತ್ರೀಯವಾಗಿ ನಿರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್. 1954ರ ಅವರ ಪ್ರಬಂಧದ ತಿರುಳಿದು: ಮನುಷ್ಯನಿಗೆ ತನ್ನ ಸಾಮರ್ಥ್ಯವನ್ನು ಅಳೆದುಕೊಳ್ಳುವ ಹಂಬಲ ಸಹಜ, ಬೇರೆ ಅಳತೆಗೋಲು ದೊರೆಯದ ಕಡೆ ಅವನು ಇತರರನ್ನೇ ಅಳತೆಗೋಲಾಗಿ ಮಾಡಿಕೊಳ್ಳುತ್ತಾನೆ, ಅದಕ್ಕಾಗಿ ತನಗೆ ಸಮಾನರಾದವರನ್ನು ಆರಿಸುತ್ತಾನೆ. ಒಂದೇ ವಯಸ್ಸು, ಒಂದೇ ತರಗತಿ, ಒಂದೇ ಪರೀಕ್ಷೆ ಇರುವ ಕಾಲೇಜಿಗಿಂತ ಫಲವತ್ತಾದ ಭೂಮಿ ಇದಕ್ಕೆ ಬೇರೆ ಯಾವುದು?

ಹರ್ಬರ್ಟ್ ಮಾರ್ಷ್ ಎಂಬ ವಿದ್ವಾಂಸರು 1980ರ ದಶಕದಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು. ಸಮಾನ ಸಾಮರ್ಥ್ಯದ ಇಬ್ಬರಲ್ಲಿ, ಹೆಚ್ಚು ಜಾಣರಿರುವ ಶಾಲೆಯಲ್ಲಿ ಓದುವವನು ತನ್ನ ವಿದ್ಯಾಶಕ್ತಿಯನ್ನು ಕಡಮೆಯೆಂದು ಭಾವಿಸುವ ಸಂಭವ ಹೆಚ್ಚು. ಊರಿನ ಶಾಲೆಯಲ್ಲಿ ಮೊದಲಿಗನಾಗಿದ್ದು, ಮುಂಬಯಿಯ ಅಥವಾ ದಿಲ್ಲಿಯ ದೊಡ್ಡ ಕಾಲೇಜಿಗೆ ಬಂದು ನಡುವಿನ ಸಾಲಿನಲ್ಲಿ ಕುಳಿತ ಹುಡುಗನ ಮಂಕುತನ ಇದರಿಂದ ಅರ್ಥವಾಗುತ್ತದೆ. ಅವನ ಬುದ್ಧಿ ಕುಂದಿಲ್ಲ, ಅಳತೆಗೋಲು ಬದಲಾಗಿದೆ.

ಕಾಣುವುದೆಲ್ಲ ನಿಜವಾಗಿದ್ದರೆ ಈ ಹೋಲಿಕೆಗೆ ಅಷ್ಟಾದರೂ ನ್ಯಾಯವಿರುತ್ತಿತ್ತು. ಅಲೆಗ್ಸಾಂಡರ್ ಜೋರ್ಡನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಿದ್ಯಾರ್ಥಿಗಳು ಸಹಪಾಠಿಗಳ ದುಃಖವನ್ನು ಇರುವುದಕ್ಕಿಂತ ಕಡಮೆಯೆಂದು ಎಣಿಸುತ್ತಾರೆ. ನಗು ಹತ್ತು ಜನರ ನಡುವೆ, ಅಳು ಕೋಣೆಯ ಒಳಗೆ. ಹೀಗೆ ತಪ್ಪೆಣಿಸಿದವರಲ್ಲಿ ಒಂಟಿತನವೂ ಹೆಚ್ಚಾಗಿ ಕಂಡುಬಂದಿತು.

ಈ ತೋರಿಕೆಗೆ ಯಂತ್ರದ ಬಲವೂ ಸೇರಿತು. 2004ರಲ್ಲಿ ಹಾರ್ವರ್ಡಿನಲ್ಲಿ ಹುಟ್ಟಿದ ಫೇಸ್‌ಬುಕ್, ಅಮೆರಿಕದ ಕಾಲೇಜುಗಳಿಗೆ ಒಂದಾದ ಮೇಲೊಂದರಂತೆ ಹಬ್ಬಿತು. ಅದು ಬಂದ ಕಾಲೇಜುಗಳನ್ನೂ ಇನ್ನೂ ಬಾರದವುಗಳನ್ನೂ ಹೋಲಿಸಿ ನೋಡಲು ಇದರಿಂದ ಅನುಕೂಲವಾಯಿತು. ಬ್ರಾಗಿಯೇರಿ, ಲೆವಿ, ಮಕಾರಿನ್ ಎಂಬ ಅರ್ಥಶಾಸ್ತ್ರಜ್ಞರು 2022ರಲ್ಲಿ ಪ್ರಕಟಿಸಿದ ನಿರ್ಣಯವಿದು: ಅದರ ಆಗಮನದಿಂದ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕೆಟ್ಟಿತು, ಖಿನ್ನತೆಯ ಲಕ್ಷಣಗಳು ಹೆಚ್ಚಿದವು, ಇತರರೊಡನೆ ತನ್ನನ್ನು ಕೀಳಾಗಿ ಹೋಲಿಸಿಕೊಳ್ಳುವುದೇ ಇದರ ಕಾರಣವೆಂಬುದಕ್ಕೆ ಆಧಾರಗಳು ಹೊಂದುತ್ತವೆ.

ಹಾಗೆಂದು ಹೋಲಿಕೆಯನ್ನು ಬೇರುಸಹಿತ ಕೀಳಲಾಗದು. ಮೇಲಿನವರನ್ನು ಕಂಡು ಕಲಿಯುವ ಹುರುಪು ಹುಟ್ಟುವುದೂ ಉಂಟು. ತಾನೂ ಅಲ್ಲಿಗೆ ಏರಬಲ್ಲೆನೆಂಬ ನಂಬಿಕೆ ಇರುವಲ್ಲಿ ಅದು ಏಣಿ, ಇಲ್ಲದಲ್ಲಿ ಗೋಡೆ. ಆ ನಂಬಿಕೆಯನ್ನು ಉಳಿಸುವ ಹೊಣೆ ಹಿರಿಯರದು. ಹೊರನಾಡಿನಲ್ಲಿ ನೆಲೆಸಿದ ನಮ್ಮ ಸಂಘಗಳು ವರ್ಷಂಪ್ರತಿ ಹೆಚ್ಚು ಅಂಕ ಪಡೆದವರನ್ನು ಪುರಸ್ಕರಿಸುವುದುಂಟು. ಅದು ನಡೆಯಲಿ. ಆದರೆ ಸಭೆ ಮುಗಿಸಿ ಮನೆಗೆ ಬಂದ ತಂದೆತಾಯಿಗಳು, ವೇದಿಕೆ ಏರಿದವನ ಹೆಸರೆತ್ತದೆ, ತಮ್ಮ ಮಗುವು ಹೋದ ವರ್ಷಕ್ಕಿಂತ ಈ ವರ್ಷ ಏನನ್ನು ಹೆಚ್ಚಾಗಿ ಕಲಿತಿದೆ ಎಂದು ವಿಚಾರಿಸುವುದು ಲೇಸು.