ಒಂದೇ ಹೆಸರು, ದೇಶಕ್ಕೊಂದು ಪಟ್ಟಿ

1981ರ ನವೆಂಬರ್ 2ರಂದು ಬ್ರಿಟನ್ನಿನ ಅಂಗಡಿಗಳಿಗೆ 'ಕ್ವೀನ್' ರಾಕ್ ತಂಡದ 'ಗ್ರೇಟೆಸ್ಟ್ ಹಿಟ್ಸ್' ಬಂತು. ಹದಿನೇಳು ಹಾಡುಗಳ ಆ ಆಲ್ಬಮ್ಮಿನಲ್ಲಿ, ಅದೇ ತಿಂಗಳು ಅದೇ ದೇಶದಲ್ಲಿ ನಂಬರ್ ಒನ್ ಆದ ಅದೇ ತಂಡದ ಹಾಡು ಇರಲಿಲ್ಲ. ಡೇವಿಡ್ ಬೋವಿ ಜೊತೆ ಸೇರಿ ಮಾಡಿದ 'ಅಂಡರ್ ಪ್ರೆಷರ್' ಬಿಡಿ ಹಾಡಾಗಿ ಬಿಡುಗಡೆಯಾದದ್ದು ಅದಕ್ಕೂ ಒಂದು ವಾರ ಮೊದಲು, ಅಕ್ಟೋಬರ್ 26ರಂದು. ಅಮೆರಿಕದಲ್ಲಿ ಈ ಹಾಡು 29ನೇ ಸ್ಥಾನಕ್ಕಿಂತ ಮೇಲೆ ಏರಲೇ ಇಲ್ಲ. ಆದರೂ ಅಮೆರಿಕದ 'ಗ್ರೇಟೆಸ್ಟ್ ಹಿಟ್ಸ್'ನಲ್ಲಿ ಅದಕ್ಕೆ ಜಾಗ ಸಿಕ್ಕಿತು. ಗೆದ್ದ ಊರಲ್ಲಿ ಹೊರಗುಳಿದ ಹಾಡು ಸೋತ ಊರಲ್ಲಿ ಒಳಗೆ ಬಂದು ಕೂತಿತ್ತು.

ತಂಡದ ಗಾಯಕ ಫ್ರೆಡ್ಡಿ ಮರ್ಕ್ಯುರಿಯ ಕಂಠಕ್ಕೆ ಮರುಳಾದವರು ಈ ಆಲ್ಬಮ್ಮಿನ ಬಗ್ಗೆ ಮಾತಿಗೆ ಕೂತರೆ ಮೊದಲು ಕೇಳಬೇಕಾದ ಪ್ರಶ್ನೆ, ಯಾವ ದೇಶದ್ದು ಎಂಬುದು. ಬ್ರಿಟನ್ನಿನಲ್ಲಿ ತಂಡದ ಹಾಡುಗಳು ಇಎಂಐ ಕಂಪನಿಯ ಕೈಯಲ್ಲಿದ್ದವು, ಅಮೆರಿಕದಲ್ಲಿ ಎಲೆಕ್ಟ್ರಾ ಕಂಪನಿಯ ಕೈಯಲ್ಲಿ. ತಮ್ಮೂರಿನ ರೇಡಿಯೊ ಏನು ಹಾಕುತ್ತದೆ, ಯಾವ ಹಾಡು ಎಷ್ಟನೇ ಸ್ಥಾನಕ್ಕೆ ಏರಿತ್ತು ಎಂದು ನೋಡಿಕೊಂಡು ಒಬ್ಬೊಬ್ಬರು ಒಂದೊಂದು ಪಟ್ಟಿ ಮಾಡಿದರು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬ್ರಿಟಿಷ್ ಪಟ್ಟಿ ಶುರುವಾಗುವುದು 'ಬೊಹೀಮಿಯನ್ ರಾಪ್ಸೊಡಿ'ಯಿಂದ. 1975ರ ಕೊನೆಯಿಂದ ಅಲ್ಲಿ ಒಂಬತ್ತು ವಾರ ಸತತವಾಗಿ ಮೊದಲ ಸ್ಥಾನದಲ್ಲಿದ್ದ ಹಾಡು ಅದು. ಅಮೆರಿಕದವರಿಗೆ ಅದು ಒಂಬತ್ತನೇ ಸ್ಥಾನ ತಲುಪಿದ ಒಂದು ವಿಚಿತ್ರ ಹಾಡು, ಅಷ್ಟೇ. ಅವರು ಮೊದಲಿಗೆ ಇಟ್ಟದ್ದು 'ಅನದರ್ ಒನ್ ಬೈಟ್ಸ್ ದ ಡಸ್ಟ್'. ತಂಡದ ಜಾನ್ ಡೀಕನ್ ಬರೆದ, ಬೇಸ್ ಗಿಟಾರಿನ ಮೇಲೇ ನಿಂತಿರುವ ಈ ಹಾಡು 1980ರಲ್ಲಿ ಅಲ್ಲಿ ಮೂರು ವಾರ ಮೊದಲ ಸ್ಥಾನದಲ್ಲಿತ್ತು. ಬ್ರಿಟನ್ನಿನಲ್ಲಿ ಏಳಕ್ಕೇ ನಿಂತಿತ್ತು. ಹೀಗಾಗಿ ಸೂಜಿ ಇಟ್ಟ ಕ್ಷಣದಲ್ಲೇ ಎರಡು ಬೇರೆ ತಂಡಗಳು ಕೇಳಿಸುತ್ತವೆ. ಒಂದು ಆಪೆರಾ, ಪಿಯಾನೊ, ಕಂಠಗಳ ಮೇಲೆ ಕಂಠ ಪೇರಿಸುವ ನಾಟಕದ ತಂಡ. ಇನ್ನೊಂದು ಕುಣಿಯಲು ಕರೆಯುವ ತಂಡ.

ಅಮೆರಿಕದ ಪಟ್ಟಿಯಲ್ಲಿ ಇದ್ದದ್ದು ಹದಿನಾಲ್ಕೇ ಹಾಡು. ಅಲ್ಲಿ ಹಾಡಿಗಿಷ್ಟು ಎಂದು ಬರೆದವರಿಗೆ ಗೌರವಧನ ಕೊಡಬೇಕಾದ್ದರಿಂದ ಆಲ್ಬಮ್ಮಿಗೆ ಕಡಿಮೆ ಹಾಡು ಹಾಕುವುದು ಕಂಪನಿಗಳ ಹಳೆಯ ಅಭ್ಯಾಸ. ಬೀಟಲ್ಸ್ ತಂಡದ ಆಲ್ಬಮ್‌ಗಳು ಬ್ರಿಟನ್ನಿನಲ್ಲಿ ಹದಿನಾಲ್ಕು ಹಾಡು ಹೊತ್ತು ಬಂದರೆ ಅಮೆರಿಕದಲ್ಲಿ ಹನ್ನೊಂದು ಹನ್ನೆರಡಕ್ಕೆ ಮುಗಿಯುತ್ತಿದ್ದದ್ದು ಹೀಗೇ. ಎಲ್‌ಪಿ ಪ್ಲೇಟಿನ ಲೆಕ್ಕವೂ ಒಂದಿದೆ. ಒಂದು ಸೈಡಿನಲ್ಲಿ ಇಪ್ಪತ್ತೈದು ನಿಮಿಷ ದಾಟಿದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಆಗ ದನಿ ತಗ್ಗುತ್ತದೆ, ಬೇಸ್ ಸೊರಗುತ್ತದೆ. ಬ್ರಿಟಿಷ್ ಪಟ್ಟಿ ಒಟ್ಟು ಐವತ್ತೆಂಟು ನಿಮಿಷದ ಆಸುಪಾಸಿನದು. ಇಎಂಐ ದನಿಯನ್ನು ಸ್ವಲ್ಪ ಬಿಟ್ಟುಕೊಟ್ಟು ಹಾಡುಗಳನ್ನು ತುಂಬಿತು. ನನಗೆ ಆ ಜಿಪುಣತನವಿಲ್ಲದ ಬುದ್ಧಿಯೇ ಇಷ್ಟ.

ಅಮೆರಿಕ ಕೈಬಿಟ್ಟವುಗಳಲ್ಲಿ 'ಸೆವೆನ್ ಸೀಸ್ ಆಫ್ ರೈ' ಒಂದು. 1974ರಲ್ಲಿ ಬ್ರಿಟನ್ನಿನಲ್ಲಿ ಹತ್ತನೇ ಸ್ಥಾನಕ್ಕೆ ಏರಿ ತಂಡವನ್ನು ಮನೆಮಾತು ಮಾಡಿದ ಹಾಡು ಅಮೆರಿಕದಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ. 'ಡೋಂಟ್ ಸ್ಟಾಪ್ ಮಿ ನೌ' ಕೂಡ ಇಲ್ಲ. ಇಂದು ಮದುವೆ ಪಾರ್ಟಿ, ಜಾಹೀರಾತು, ಜಿಮ್ ಎಂದು ಎಲ್ಲೆಂದರಲ್ಲಿ ಕೇಳಿಸುವ ಈ ಹಾಡು 1979ರಲ್ಲಿ ಅಲ್ಲಿ 86ನೇ ಸ್ಥಾನದಲ್ಲಿ ಮುಗ್ಗರಿಸಿತ್ತು. ಅದೇ ವೇಳೆ, ಬ್ರಿಟನ್ನಿನಲ್ಲಿ ಪಟ್ಟಿಯನ್ನೇ ಹತ್ತದಿದ್ದ ತಂಡದ ಮೊಟ್ಟಮೊದಲ ಬಿಡಿ ಹಾಡು 'ಕೀಪ್ ಯುವರ್‌ಸೆಲ್ಫ್ ಅಲೈವ್' ಅಮೆರಿಕದ 'ಗ್ರೇಟೆಸ್ಟ್ ಹಿಟ್ಸ್'ನಲ್ಲಿ ಜಾಗ ಗಿಟ್ಟಿಸಿತು. ಇದನ್ನು 'ಹಿಟ್' ಎಂದು ಕರೆದವರ ಧೈರ್ಯ ಮೆಚ್ಚಬೇಕು.

'ವಿ ವಿಲ್ ರಾಕ್ ಯೂ', 'ವಿ ಆರ್ ದ ಚಾಂಪಿಯನ್ಸ್' ಜೋಡಿಯನ್ನು ಇಬ್ಬರೂ ಬೇರ್ಪಡಿಸಲಿಲ್ಲ. ಬ್ರಿಟಿಷ್ ಪಟ್ಟಿ ಅವುಗಳಿಂದಲೇ ಮುಗಿಯುತ್ತದೆ, ಕ್ವೀನ್ ಕಛೇರಿಗಳು ಮುಗಿಯುತ್ತಿದ್ದ ಹಾಗೆ. ಅಮೆರಿಕದವರು ಅವನ್ನು ಬಿ ಸೈಡಿನ ಮೊದಲಿಗೆ ತಂದು, 'ಪ್ಲೇ ದ ಗೇಮ್' ಎಂಬ ಮೆತ್ತನೆಯ ಹಾಡಿನಿಂದ ಆಲ್ಬಮ್ ಮುಗಿಸಿದರು. ಚಪ್ಪಾಳೆ ಮುಗಿದು ಜನ ಎದ್ದು ಹೊರಟ ಮೇಲೆ ಯಾರೋ ಮತ್ತೆ ಮೈಕ್ ಹಿಡಿದಂತೆ ಅನ್ನಿಸುತ್ತದೆ.

ಜಪಾನಿನ ಆವೃತ್ತಿಯಲ್ಲಿ 'ತೆಒ ತೊರಿಯತ್ತೆ' ಸೇರಿಕೊಂಡಿತು. ತಂಡದ ಬ್ರಿಯಾನ್ ಮೇ ಬರೆದ ಈ ಹಾಡು 1976ರ 'ಎ ಡೇ ಅಟ್ ದ ರೇಸಸ್' ಆಲ್ಬಮ್ಮಿನದು. ಅದರ ಪಲ್ಲವಿಯ ಭಾಗ ಜಪಾನಿ ಭಾಷೆಯಲ್ಲೇ ಇದೆ. ತಮ್ಮ ಊರಲ್ಲಿ ಇನ್ನೂ ಪೂರ್ತಿ ಗೆಲ್ಲದಿದ್ದಾಗಲೇ ವಿಮಾನ ನಿಲ್ದಾಣಕ್ಕೆ ನುಗ್ಗಿ ಬಂದು ಸ್ವಾಗತಿಸಿದ ಜಪಾನಿ ಅಭಿಮಾನಿಗಳಿಗೆ ತಂಡ ತೀರಿಸಿದ ಋಣ ಅದು. ಆ ನಂಟು ಸುಲಭಕ್ಕೆ ಹರಿಯುವಂಥದ್ದೂ ಅಲ್ಲ. 2004ರಲ್ಲಿ ಅಲ್ಲಿನ ಟಿವಿ ಧಾರಾವಾಹಿಯೊಂದಕ್ಕೆ 'ಐ ವಾಸ್ ಬಾರ್ನ್ ಟು ಲವ್ ಯೂ' ಶೀರ್ಷಿಕೆ ಗೀತೆಯಾದಾಗ ಜಪಾನಿಗೆಂದೇ 'ಜ್ಯೂವೆಲ್ಸ್' ಎಂಬ ಬೇರೆ ಸಂಕಲನ ಬಂದು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಅರ್ಜೆಂಟೀನಾದಲ್ಲಿ 'ಲವ್ ಆಫ್ ಮೈ ಲೈಫ್' ಬಂತು, ಅದೂ ಸ್ಟುಡಿಯೊದ್ದಲ್ಲ, ಕಛೇರಿಯಲ್ಲಿ ಮುದ್ರಿಸಿದ್ದು. ಬ್ರಿಟಿಷ್ ಪಟ್ಟಿಯಲ್ಲಿ ಇದರ ಸುಳಿವಿಲ್ಲ. 1981ರ ಆರಂಭದಲ್ಲಿ ತಂಡ ದಕ್ಷಿಣ ಅಮೆರಿಕಕ್ಕೆ ಹೋದಾಗ ಕ್ರೀಡಾಂಗಣ ತುಂಬಿದ್ದ ಜನ ಈ ಹಾಡನ್ನು ಫ್ರೆಡ್ಡಿಗಿಂತ ಮುಂದಾಗಿ ತಾವೇ ಹಾಡುತ್ತಿದ್ದರು.

ಇಷ್ಟಾದರೂ ಇವೆಲ್ಲ ಒಂದೆರಡು ಹಾಡಿನ ಹೆಚ್ಚುಕಡಿಮೆ. ಅಮೆರಿಕದಲ್ಲಿ 1992ರಲ್ಲಿ ನಡೆದದ್ದು ಬೇರೆಯೇ ಕಥೆ. 1982ರ ನಂತರ ಫ್ರೆಡ್ಡಿ ಇರುವವರೆಗೂ ಕ್ವೀನ್ ಅಲ್ಲಿ ಒಂದು ಕಛೇರಿಯನ್ನೂ ಕೊಡಲಿಲ್ಲ, ಜನ ಮರೆತೇಬಿಟ್ಟಿದ್ದರು. 1991ರ ನವೆಂಬರ್ 24ರಂದು ಫ್ರೆಡ್ಡಿ ತೀರಿಕೊಂಡ. ಕೆಲವೇ ತಿಂಗಳಲ್ಲಿ 'ವೇನ್ಸ್ ವರ್ಲ್ಡ್' ಎಂಬ ಹಾಸ್ಯಚಿತ್ರ ಬಂತು. ಅದರಲ್ಲಿ ಕಾರಿನಲ್ಲಿ ತುಂಬಿಕೊಂಡ ಪೋಲಿ ಹುಡುಗರು 'ಬೊಹೀಮಿಯನ್ ರಾಪ್ಸೊಡಿ'ಗೆ ತಲೆ ಕೊಡವುವ ದೃಶ್ಯವೊಂದಿದೆ. ಹದಿನಾರು ವರ್ಷ ಹಳೆಯ ಹಾಡು ಮತ್ತೆ ಮೇಲೆದ್ದು ಅಮೆರಿಕದಲ್ಲಿ ಎರಡನೇ ಸ್ಥಾನಕ್ಕೆ ಏರಿತು, ಮೊದಲ ಸಲಕ್ಕಿಂತ ಏಳು ಮೆಟ್ಟಿಲು ಮೇಲೆ. ಆ ಹೊತ್ತಿಗೆ ಹಕ್ಕುಗಳನ್ನು ಕೊಂಡಿದ್ದ ಹಾಲಿವುಡ್ ರೆಕಾರ್ಡ್ಸ್ ತಡಮಾಡದೆ 'ಕ್ಲಾಸಿಕ್ ಕ್ವೀನ್' ಎಂಬ ಸಂಕಲನ ತಂದು ಈ ಹಾಡನ್ನು ಅದಕ್ಕೆ ಹಾಕಿತು. ಅದೇ ವರ್ಷ ಕೆಂಪು ಹೊದಿಕೆಯ ಹೊಸ 'ಗ್ರೇಟೆಸ್ಟ್ ಹಿಟ್ಸ್' ಬಂದಾಗ ಅದರಲ್ಲಿ 'ಬೊಹೀಮಿಯನ್ ರಾಪ್ಸೊಡಿ'ಯೂ ಇಲ್ಲ, 'ಅಂಡರ್ ಪ್ರೆಷರ್' ಕೂಡ ಇಲ್ಲ. ಚಪ್ಪರ ಹಾಕಿ, ವಾಲಗ ಊದಿಸಿ, ಮದುಮಗನನ್ನು ಪಕ್ಕದ ಬೀದಿಯಲ್ಲಿ ಕೂರಿಸಿದ ಮದುವೆ. ಹಳೆಯ ಹಿಟ್‌ಗಳೂ ಈ ಹಾಡುಗಳೂ ಬೇಕೆಂದವರು ಎರಡು ಡಿಸ್ಕಿಗೆ ದುಡ್ಡು ಕೊಡಬೇಕಿತ್ತು. ನಾನು ಕಂಡ ಆವೃತ್ತಿಗಳಲ್ಲಿ ಇದೇ ಅತ್ಯಂತ ವ್ಯಾಪಾರಿ ಬುದ್ಧಿಯದು.

ಎಲ್ಲಕ್ಕಿಂತ ಕುತೂಹಲದ ಆವೃತ್ತಿ ಹುಟ್ಟಿದ್ದು ಇರಾನಿನಲ್ಲಿ, 2004ರ ಆಗಸ್ಟಿನಲ್ಲಿ. ಇಸ್ಲಾಮಿಕ್ ಗಣರಾಜ್ಯವಾದ ಮೇಲೆ ಸರ್ಕಾರದ ಒಪ್ಪಿಗೆಯೊಂದಿಗೆ ಅಲ್ಲಿ ಹೊರಬಂದ ಮೊದಲ ರಾಕ್ ಆಲ್ಬಮ್ ಎಂದು ಕ್ವೀನ್ ಸಂಕಲನ ಸುದ್ದಿಯಾಯಿತು. ಕಳ್ಳ ಕ್ಯಾಸೆಟ್ಟುಗಳಲ್ಲಿ ಜನ ಅದನ್ನು ಮೊದಲೇ ಕೇಳುತ್ತಿದ್ದರು, ಆ ಮಾತು ಬೇರೆ. ಗಂಡಸರನ್ನು ಪ್ರೀತಿಸಿದ ಫ್ರೆಡ್ಡಿಯ ಖಾಸಗಿ ಬದುಕು ಅಲ್ಲಿನ ಕಾನೂನಿನ ಪ್ರಕಾರ ಅಪರಾಧ. ಹಾಗಿದ್ದೂ ಒಪ್ಪಿಗೆ ಸಿಕ್ಕಿತು. ಇರಾನಿಗರಿಗೆ ಆತ ಪೂರ್ತಿ ಹೊರಗಿನವನಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಫರೋಖ್ ಬುಲ್ಸಾರಾ ಎಂದು 1946ರಲ್ಲಿ ಜಂಜಿಬಾರಿನಲ್ಲಿ ಹುಟ್ಟಿದ ಪಾರ್ಸಿ ಹುಡುಗ ಅವನು. ಹಿರಿಯರು ಎಂದೋ ಇರಾನ್ ಬಿಟ್ಟು ಗುಜರಾತಿನ ಕರಾವಳಿಗೆ ಬಂದವರು. ಓದಿದ್ದು ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯ ಹಾಸ್ಟೆಲಿನಲ್ಲಿದ್ದುಕೊಂಡು, ಮೊದಲ ತಂಡ ಕಟ್ಟಿದ್ದೂ ಅಲ್ಲೇ. ನಮ್ಮ ಕೃಷ್ಣೆ ಹುಟ್ಟುವ ಮಹಾಬಳೇಶ್ವರದ ನೆರೆಯ ಬೆಟ್ಟದೂರು ಅದು.

ಇರಾನಿನ ಕ್ಯಾಸೆಟ್ಟಿನ ಬೆಲೆ ಒಂದು ಡಾಲರಿಗಿಂತ ಕಡಿಮೆ ಇತ್ತು. ಹೆಸರು 'ಗ್ರೇಟೆಸ್ಟ್ ಹಿಟ್ಸ್' ಆದರೂ 1981ರ ಪಟ್ಟಿಗೂ ಅದಕ್ಕೂ ಸಂಬಂಧ ಅಷ್ಟಕ್ಕಷ್ಟೆ; 'ಐ ವಾಂಟ್ ಟು ಬ್ರೇಕ್ ಫ್ರೀ', 'ದ ಮಿರಾಕಲ್' ತರಹದ ಆಮೇಲಿನ ಹಾಡುಗಳೂ ಅದರಲ್ಲಿದ್ದವು. ಪ್ರೇಮಗೀತೆಗಳನ್ನು ಮಾತ್ರ ತೆಗೆದುಹಾಕಿದ್ದರು. ಜೊತೆಗೊಂದು ಕಿರುಹೊತ್ತಿಗೆ, ಅದರಲ್ಲಿ ಹಾಡುಗಳ ಅನುವಾದ ಮತ್ತು ವಿವರಣೆ. 'ಬೊಹೀಮಿಯನ್ ರಾಪ್ಸೊಡಿ' ಏನು ಹೇಳುತ್ತದೆ ಎಂದು ಫ್ರೆಡ್ಡಿ ಬದುಕಿರುವತನಕ ಬಾಯಿ ಬಿಡಲಿಲ್ಲ. ಹೊತ್ತಿಗೆಯವರಿಗೆ ಆ ಮುಜುಗರ ಇರಲಿಲ್ಲ. ಅವರ ಪ್ರಕಾರ ಯುವಕನೊಬ್ಬ ಅರಿಯದೆ ಕೊಲೆ ಮಾಡಿ, ದಂತಕಥೆಯ ಫೌಸ್ಟನ ಹಾಗೆ ಸೈತಾನನಿಗೆ ಆತ್ಮ ಮಾರಿಕೊಳ್ಳುತ್ತಾನೆ. ಗಲ್ಲಿನ ಹಿಂದಿನ ರಾತ್ರಿ ಬಿಸ್ಮಿಲ್ಲಾ ಎಂದು ದೇವರನ್ನು ಕೂಗುತ್ತಾನೆ, ದೇವದೂತರ ನೆರವಿನಿಂದ ಆತ್ಮವನ್ನು ಮರಳಿ ಪಡೆಯುತ್ತಾನೆ. ಸೆನ್ಸಾರಿನ ಕಣ್ಣಿಗೆ ಹೊಂದುವಂತೆ ಹೊಲಿದ ಅಂಗಿ ಇದು, ಸುಳ್ಳಲ್ಲ. ಆದರೂ ಆ ಹಾಡಿನ ಬಗ್ಗೆ ನಾನು ಓದಿದ ಎಷ್ಟೋ ಪಂಡಿತರ ವ್ಯಾಖ್ಯಾನಗಳಿಗಿಂತ ಇದು ಹಾಡಿನೊಳಗಿನ ಪಾತ್ರಗಳನ್ನು ಗಂಭೀರವಾಗಿ ತೆಗೆದುಕೊಂಡಿದೆ.

ಬ್ರಿಟನ್ನಿನಲ್ಲಿ ಈ ಆಲ್ಬಮ್ 2022ರ ಹೊತ್ತಿಗೆ ಎಪ್ಪತ್ತು ಲಕ್ಷದ ಗಡಿ ಮುಟ್ಟಿತು. ಆ ದೇಶದಲ್ಲಿ ಇಷ್ಟು ಮಾರಾಟವಾದ ಆಲ್ಬಮ್ ಬೇರೊಂದಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಈಗ ಎಲ್ಲ ಕಡೆ ಸಿಗುವುದು ಬಹುಮಟ್ಟಿಗೆ ಆ ಹದಿನೇಳು ಹಾಡಿನ ಪಟ್ಟಿಯೇ. ಹಾಗೆಂದು ಕತ್ತರಿ ಮೂಲೆ ಸೇರಿಲ್ಲ. 2023ರಲ್ಲಿ 'ಯೋಟೊ' ಎಂಬ ಮಕ್ಕಳ ಆಡಿಯೊ ಪ್ಲೇಯರಿಗೆಂದು ಇದೇ 'ಗ್ರೇಟೆಸ್ಟ್ ಹಿಟ್ಸ್' ಬಂದಾಗ 'ಫ್ಯಾಟ್ ಬಾಟಮ್ಡ್ ಗರ್ಲ್ಸ್' ಮಾಯವಾಗಿತ್ತು. ಕೊಲೆ ಮಾಡಿ ಅಮ್ಮನೆದುರು ಗೋಳಿಡುವ ಹುಡುಗನ ಹಾಡಿಗೆ ಅಲ್ಲಿ ಯಾರದೂ ತಕರಾರು ಬರಲಿಲ್ಲ.