ಬಳಸಿದ ಗಾಳಿ ಸಂಪೀಡಕ
ಬಳಸಿದ ಗಾಳಿ ಸಂಪೀಡಕ ಅಥವಾ ಹಳೆಯ ಕಂಪ್ರೆಸರ್ ಪಂಕ್ಚರ್ ಅಂಗಡಿಗಳಲ್ಲಿಯೂ, ಶಿವನಿ, ಅಜ್ಜಂಪುರಗಳನ್ನೊಳಗೊಂಡ ಬಯಲುಸೀಮೆಯಲ್ಲಿ ನೀರು ಕಡಿಮೆಯಿರುವ ಕೊಳವೆಬಾವಿಗಳಲ್ಲಿಯೂ ಬಳಕೆಯಲ್ಲಿದೆ. ಬಾವಿಯೊಳಗೆ ಚಲಿಸುವ ಭಾಗವಿಲ್ಲದ ಕಾರಣ ಮರಳು ಬೆರೆತ ನೀರನ್ನೂ ಇದು ಎತ್ತಬಲ್ಲದು. ವಿದ್ಯುತ್ ಮಾತ್ರ ಹೆಚ್ಚು ಬೇಡುತ್ತದೆ. ಗಾಳಿಕೊಳವೆ ನೀರಿನಲ್ಲಿ ಮುಳುಗಿರುವ ಪ್ರತಿ 10 ಮೀಟರಿಗೆ ಸುಮಾರು 1 ಬಾರ್ ಒತ್ತಡ ಬೇಕಾಗುತ್ತದೆ.

ತೊಟ್ಟಿಯಿರುವ ಯಂತ್ರವನ್ನು ಕೊಳ್ಳುವಾಗ ಮೋಟಾರಿಗಿಂತ ತೊಟ್ಟಿಯ ಪರೀಕ್ಷೆ ಮುಖ್ಯ. ಪಿಸ್ಟನ್ ರಿಂಗ್, ಕವಾಟಗಳನ್ನು ಬದಲಿಸಬಹುದು. ಒಳಗಿನಿಂದ ತುಕ್ಕು ತಿಂದ ತೊಟ್ಟಿ ಸಿಡಿಯಬಲ್ಲದು, ಹೊರಗಿನ ಹೊಸ ಬಣ್ಣ ಅದನ್ನು ಮರೆಮಾಡುತ್ತದೆ. ತೊಟ್ಟಿಯನ್ನು ಗಾಳಿಯಿಂದಲ್ಲ, ನೀರು ತುಂಬಿ ಪರೀಕ್ಷಿಸಬೇಕು. ನೀರು ಬಹುತೇಕ ಸಂಕುಚಿತವಾಗದ ಕಾರಣ ತೊಟ್ಟಿ ಬಿರುಕುಬಿಟ್ಟರೂ ಸೋರುತ್ತದೆ, ಸ್ಫೋಟದ ಅಪಾಯ ತೀರಾ ಕಡಿಮೆ. ವೆಲ್ಡಿಂಗ್ ತೇಪೆ ಹಾಕಿದ ತೊಟ್ಟಿ ಅಗ್ಗಕ್ಕೆ ಸಿಕ್ಕರೂ ಬೇಡ.

ತಳದಲ್ಲಿ ಸೇರುವ ನೀರನ್ನು ಪ್ರತಿದಿನ ಬಸಿಯಬೇಕು. ಮಳೆಗಾಲದಲ್ಲಿ ಅದು ಹೆಚ್ಚು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಬೆರೆತಿದೆ ಎಂದರ್ಥ. ಸುರಕ್ಷತಾ ಕವಾಟದ ಜಾಗದಲ್ಲಿ ಬೋಲ್ಟ್ ಬಿಗಿದಿರುವ ಯಂತ್ರವನ್ನು ಚಾಲೂ ಮಾಡಿಸಿ ನೋಡಲೂಬಾರದು.